ಮುಚ್ಚಳ ಬೆಸೆಯುವ ಮೊದಲು

"ಇದನ್ನೂ ಮುಚ್ಚಿಬಿಡತೀರೇನ್ರಿ, ಮಾಲತೇಶ ಅವ್ರ?"

ಟ್ಯಾಂಕಿನ ಮೇಲೆ ಕೂತಿದ್ದ ಮಾಲತೇಶ ಬೆಚ್ಚಿ ಕೆಳಗೆ ನೋಡಿದ. ಅನ್ನಪೂರ್ಣಾ! ಆರು ವರ್ಷಗಳಲ್ಲಿ ಅವಳು ಅವನೊಡನೆ ಆಡಿದ ಮೊದಲ ಮಾತು ಇದು.

ರೋಣದ ಬಸ್ ನಿಲ್ದಾಣದ ಎದುರಿನ ಕಟ್ಟೆಯ ಮೇಲೆ ಆ ಹಳೆಯ ಯುದ್ಧ ಟ್ಯಾಂಕ್ ಬಂದು ನಿಂತು ಹದಿನೈದು ದಿನವಾಗಿತ್ತು. ನಾಳೆ ಉದ್ಘಾಟನೆ. ಸೇನೆಗೆ ಹೋಗಿ ತಿರುಗಿ ಬಾರದವರ ಹೆಸರುಗಳನ್ನು ಕಪ್ಪು ಕಲ್ಲಿನಲ್ಲಿ ಕೆತ್ತಿದ್ದರು. ಅವಳ ಗಂಡ ಸಂಗನಬಸವನ ಹೆಸರೂ ಅಲ್ಲಿತ್ತು.

ಮಕ್ಕಳು ಒಳಗಿಳಿದು ಸಿಕ್ಕಿಹಾಕಿಕೊಳ್ಳಬಾರದೆಂದು ಮುಚ್ಚಳಗಳನ್ನು ವೆಲ್ಡಿಂಗ್ ಮಾಡಿಸುವ ಕೆಲಸ ಮಾಜಿ ಸೈನಿಕ ಮಾಲತೇಶನ ಪಾಲಿಗೆ ಬಂದಿತ್ತು. ಅವನೂ ಸಂಗನಬಸವನೂ ಒಂದೇ ಟ್ಯಾಂಕಿನವರು; ಗೆಳೆಯನ ಹೆಂಡತಿ ಅವನಿಗೆ ವೈನಿ, ಅಂದರೆ ಅತ್ತಿಗೆ.

"ಹೌದ್ರಿ ವೈನಿ. ಇನ್ನೊಂದು ತಾಸಿನ್ಯಾಗ."

"ಅದಕ್ಕೂ ಮೊದಲ ನಾ ಒಳಗ ಇಳೀಬೇಕು. ಅವರು ಕೂಡತಿದ್ದ ಜಾಗಾ ನೋಡಬೇಕು."

"ಇದು ಆ ಟ್ಯಾಂಕ್ ಅಲ್ರಿ..."

"ಗೊತ್ತೈತಿ. ಇಂಥಾದ್ದ ಹೌದಲ್ರಿ?"

"ಬ್ಯಾಡ್ರಿ ವೈನಿ."

ಅದೇ ಮಾತು! ಆರು ವರ್ಷದ ಹಿಂದೆ ಬೆಳವಣಕಿಯ ಅವಳ ಮನೆಯಂಗಳದಲ್ಲಿ, ಸೇನೆಯವರು ತಂದಿಟ್ಟ ಸಂಗನಬಸವನ ಶವಪೆಟ್ಟಿಗೆಯ ಮೇಲೆ ಕೈಯಿಟ್ಟು ಅವನು ಆಡಿದ್ದ ಮಾತು.

ಅವರ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಕೂಡಿಸಿ ಮಣ್ಣು ಮಾಡುತ್ತಾರೆ. ಅವತ್ತು ಕೂಡಿಸುವ ಕುಣಿಯೂ ಸಿದ್ಧವಾಗಿತ್ತು. "ಒಂದ ಸಲ ತಗಿಯಪ್ಪಾ, ನನ್ನ ಮಗನ್ನ ಕೂಡಸತೀನಿ" ಎಂದು ಅತ್ತೆ ಕಳಕವ್ವ ಅವನ ಕಾಲು ಹಿಡಿದಳು. ಅವನು ಕೈ ತೆಗೆಯಲಿಲ್ಲ. ಕೊನೆಗೆ ಪೆಟ್ಟಿಗೆಯ ಅಳತೆಗೆ ಕುಣಿಯನ್ನು ಉದ್ದಕ್ಕೆ ಮತ್ತೆ ಅಗೆಯಬೇಕಾಯಿತು.

ಜಕ್ಕಲಿ ಊರಿನವನು, ಬೇರೆ ಮಂದಿ... ನಮ್ಮ ಪದ್ಧತಿ ಇವನಿಗೇನು ಗೊತ್ತು? ಅನ್ನಪೂರ್ಣಾ ಒಳಗೊಳಗೇ ಕುದಿದಿದ್ದಳು. ಪ್ರತಿ ವರ್ಷ ಅದೇ ದಿನ ಅವನು ಸಮಾಧಿಗೆ ಹೂವಿಟ್ಟು ಮನೆಯ ಮುಂದೆ ಬಂದು ನಿಂತಾಗ ಬಾಗಿಲು ಹಾಕಿಕೊಂಡಿದ್ದಳು. ಅತ್ತೆಯಂತೂ ಇವತ್ತಿಗೂ ರೊಟ್ಟಿ ಮುರಿಯುತ್ತ ಮುರಿಯುತ್ತ ಕೈ ತಡೆದು ಕೇಳುತ್ತಾಳೆ, "ಮಲಗಿ ಮಲಗಿ ನನ್ನ ಮಗನ ಬೆನ್ನು ನೋಯಾಕತ್ತಿರಬೇಕಲ್ಲ, ಅನ್ನಪೂರ್ಣಾ?"

ವೆಲ್ಡಿಂಗ್ ಮಾಡುವ ದಿಲಾವರ ಕನ್ನಡಕವನ್ನು ಹಣೆಗೇರಿಸಿದ. "ಅಕ್ಕಾರು ನೋಡ್ಲಿ ಬಿಡ್ರಿ ಸಾಹೇಬ್ರ. ನಾ ಚಾ ಕುಡದ ಬರತೀನಿ. ನಿಮ್ಮ ಟ್ಯಾಂಕೇನ ಓಡಿ ಹೋಗೂದಿಲ್ಲ!"

ಅನ್ನಪೂರ್ಣಾ ಸೆರಗು ಸೊಂಟಕ್ಕೆ ಸಿಗಿಸಿ ಹತ್ತಿದಳು. ಸಂಗನಬಸವ ಚಾಲಕನಾಗಿದ್ದ; ಚಾಲಕನ ಸೀಟಿಗೇ ಇಳಿದಳು.

ಎಷ್ಟು ಇಕ್ಕಟ್ಟು! ಮೊಣಕಾಲು ಎದೆಗೆ ಒತ್ತುತ್ತಿತ್ತು. ತುಕ್ಕಿನ, ಗ್ರೀಸಿನ ವಾಸನೆ. ತಲೆಯ ಮೇಲೆ ಊಟದ ಗಂಗಾಳದಷ್ಟೇ ಆಕಾಶ.

"ಇದರಾಗಿಂದ ಹೊರಗ ಬರಾಕ ಎಷ್ಟ ಹೊತ್ತ ಬೇಕ್ರಿ?"

ಮೇಲೆ ಮಾಲತೇಶ ಮುಚ್ಚಳದ ಅಂಚು ಹಿಡಿದು ಬಗ್ಗಿದ.

"ಬೆಂಕಿ ಹತ್ತಿದಾಗ... ಎಷ್ಟ ಹೊತ್ತ?"

"ನಾ ಮ್ಯಾಲಿದ್ದೆ. ಜಿಗಿದೆ." ಮಾಲತೇಶ ಹೇಳಿದ. "ಅವ ಕೆಳಗಿದ್ದ. ನಾ ಮತ್ತ ಹತ್ತೂದ್ರಾಗ ಮುಚ್ಚಳ ಕಾದು ಮುಟ್ಟಾಕ ಆಗಲಿಲ್ಲ..."

ಅವಳು ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದಳು.

"ಪೆಟ್ಟಿಗಿ ತಗೀಬ್ಯಾಡ ಅಂತ ನನಗ ಯಾರೂ ಹುಕುಂ ಮಾಡಿರಲಿಲ್ರಿ. ಅದು ನಂದ ನಿರ್ಧಾರ. ನಿಮ್ಮ ಪದ್ಧತಿ ನನಗ ಗೊತ್ತಿತ್ತು. ಅವನೇ ಹೇಳತಿದ್ದ, 'ನಾವು ಸತ್ತರೂ ಕುಂದರತೀವಿ, ನೀವು ಮಲಗತೀರಿ, ಮೈಗಳ್ಳರು' ಅಂತ ನಗತಿದ್ದ." ಅವನು ಮುಚ್ಚಳದ ಮೇಲೆ ಕೈಯಿಟ್ಟ. "ಆ ಪೆಟ್ಟಿಗ್ಯಾಗ... ಕೂಡಸಾಕ ಏನೂ ಉಳಿದಿರಲಿಲ್ರಿ. ಅವ್ವ ನೋಡಿದ್ರ ಅಲ್ಲೇ ಬೀಳತಿದ್ಲು. ನಾ ಕೆಟ್ಟವ ಆದ್ರ ಆತು ಅಂದ್ಕೊಂಡೆ."

ಏನೂ ಉಳಿದಿರಲಿಲ್ಲ... ಅನ್ನಪೂರ್ಣಾ ಆ ಇಕ್ಕಟ್ಟಿನಲ್ಲೇ ಮುದುಡಿ, ದನಿ ತೆಗೆದು ಅತ್ತಳು. ತನ್ನವನ ಕೊನೆಯ ರೂಪ ನೋಡಿದವನು ಇವನೊಬ್ಬನೇ. ಅದನ್ನು ಒಬ್ಬನೇ ಹೊತ್ತುಕೊಂಡು, ಮೇಲೆ ನಮ್ಮ ಶಾಪವನ್ನೂ ಹೊತ್ತನಲ್ಲ!

ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು, "ಪ್ರತಿ ವರ್ಷ ಬಾಗಿಲಾ ಹಾಕಿಸಿಕೊಂಡೂ ಯಾಕ ಬರತಿದ್ರಿ?"

"ಮೊದಲು ಅವನ ಸಲುವಾಗಿ." ಅವನು ಕಪ್ಪು ಕಲ್ಲಿನ ಕಡೆ ನೋಡಿದ. "ಈಗೀಗ... ಅವನ ಸಲುವಾಗಿ ಅಷ್ಟ ಅಲ್ರಿ. ಆ ಬಾಗಿಲ ಹಿಂದ ನೀವ ಅದೀರಿ ಅಂತ ಗೊತ್ತಿತ್ತು. ಎರಡು ವರ್ಷಾತು, ವೈನಿ ಅನ್ನಾಕ ಮನಸ್ಸ ಒಪ್ಪವಲ್ದು. ತಪ್ಪಾಗಿದ್ರ ಬೈರಿ."

ಅವಳು ಬೈಯಲಿಲ್ಲ. ಬಾಗಿಲು ಹಾಕಿದ ಮೇಲೂ ಅವನ ಗಾಡಿಯ ಸದ್ದು ಮುಗಿಯುವವರೆಗೆ ಅಗಳಿ ಹಿಡಿದೇ ನಿಂತಿರುತ್ತಿದ್ದಳು. ಅದು ಸಿಟ್ಟು ಎಂದು ತನಗೆ ತಾನೇ ಹೇಳಿಕೊಂಡಿದ್ದಳು...

"ಹಂಗಾರ ಹೆಸರ ಹಿಡದ ಕರೀರಿ."

ಅವನು ಕೈ ಚಾಚಿದ. ಅವಳು ಹಿಡಿದು ಮೇಲೆ ಬಂದಳು. ಚಹಾ ಮುಗಿಸಿ ಬಂದ ದಿಲಾವರ ಏನೂ ಕೇಳದೆ ಮುಚ್ಚಳ ಇಳಿಸಿ ಕೆಲಸ ಶುರು ಮಾಡಿದ.

"ಅತ್ತಿಯವರಿಗೆ ಹೇಳಬೇಕು," ಎಂದಳು ಅನ್ನಪೂರ್ಣಾ.

"ತಡಕೋತಾರೇನ್ರಿ?"

"ದಿನಾ ಮಗನ ಬೆನ್ನಿನ ಚಿಂತಿ ಮಾಡಿ ಸಾಯಾಕತ್ತಾರ. ನಾ ಹೇಳತೀನಿ. ನೀವು ಬಾಜೂಕ ಇರ್ರಿ, ಸಾಕು."

"ಈಗ?"

"ಈಗ. ಗಾಡಿ ಚಾಲೂ ಮಾಡ್ರಿ."

"ನನ್ನ ಗಾಡಿ ಮ್ಯಾಲೆ? ಹಾಡಹಗಲ... ಊರ ಮಂದಿ ನೋಡತಾರ್ರಿ."

"ನೋಡ್ಲಿ."

ಅವನು ಗಾಡಿ ಚಾಲೂ ಮಾಡಿದ. ಅವಳು ಹಿಂದೆ ಕೂತಳು.

"ದಾರಿ ಭಾಳ ಕೆಟ್ಟೈತಿ, ಅನ್ನಪೂರ್ಣಾ... ಹಿಡಕೊಂಡ ಕುಂದರ್ರಿ."

"ಹಿಡಕೊಂಡೀನಿ. ನಡೀರಿ."