ನೀರು ಸವರದ ರೊಟ್ಟಿ

ಠಣ್!

ಆ ಕಲ್ಲು ಮಾಲತಿಯ ಬೆನ್ನಿಗೆ ಬೀಳಬೇಕಿತ್ತು. ಬೆನ್ನಿಗೆ ಕಟ್ಟಿಕೊಂಡಿದ್ದ ಕಬ್ಬಿಣದ ಹಂಚಿಗೆ ಬಿತ್ತು. ರೊಟ್ಟಿ ಬೇಯಿಸುವ ಹಂಚು ಜೀವವನ್ನೂ ಉಳಿಸುತ್ತದೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು!

"ಅಕ್ಕಾ, ಜೋರ್ ಹೊಡೀರಿ!"

"ಹೊಡ್ಯಾಕತ್ತೇನಿ! ನೀ ಬಗ್ಗಿ ಕುಂದ್ರು!"

ಹಿಂದೆ ಬಿಳಿ ಜೀಪು. ಕಿಟಕಿಯಿಂದ ಹೊರಗೆ ಬಂದ ಕೈಗಳಲ್ಲಿ ಇನ್ನೂ ಕಲ್ಲು. ಮುಂದೆ ಯಾದಗಿರಿಯ ಭೀಮಾ ಸೇತುವೆ… ಸೇತುವೆಯ ಮೇಲೆ ಹತ್ತಿ ಹೇರಿದ ಲಾರಿ. ಗಬ್ಬದ ಎಮ್ಮೆಯ ಹಾಗೆ ಎರಡೂ ಕಡೆ ಉಬ್ಬಿಕೊಂಡು ತೆವಳುತ್ತಿತ್ತು.

ಪಕ್ಕದಲ್ಲಿ ಒಂದು ಬೈಕಿನಷ್ಟೇ ಜಾಗ.

ನನ್ನದು ಬೈಕೇ!

ನುಗ್ಗಿಸಿದೆ. ಹತ್ತಿ ಮುಖಕ್ಕೆ ಉಜ್ಜಿತು, ಹ್ಯಾಂಡಲ್ ಗೋಡೆಗೆ ಕೆರೆಯಿತು, ಮಾಲತಿ ತನ್ನ ದೇವರನ್ನೆಲ್ಲ ಕರೆದಳು. ಆಚೆ ಬಂದು ಬಿದ್ದೆವು. ಜೀಪು ಲಾರಿಯ ಹಿಂದೆ ಹಾರ್ನ್ ಹೊಡೆಯುತ್ತ ಉಳಿಯಿತು.

ನನ್ನ ಹೆಸರು ಪಂಚಶೀಲಾ. ಶಹಾಪುರ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಆಫೀಸು. ಒಂದು ಕುರ್ಚಿ, ಒಂದು ಫೋನು. ಪೊಲೀಸರು ಆಗೋದಿಲ್ಲ ಅಂದದ್ದು, ವಕೀಲರು ಮುಂದಿನ ತಿಂಗಳು ಅಂದದ್ದು ನನ್ನ ಹತ್ತಿರ ಬರುತ್ತದೆ. ಐದು ಶೀಲಗಳಲ್ಲಿ ನಾಲ್ಕನ್ನು ಪಾಲಿಸುತ್ತೇನೆ. ಸುಳ್ಳಾಡಬಾರದು ಅನ್ನೋದೊಂದು ಈ ದಂಧೆಯಲ್ಲಿ ಕಷ್ಟ.

ಮಾಲತಿ ಮಂಡಲ್ ದೇಶ ಬಿಟ್ಟು ಓಡಿಬಂದ ಬಂಗಾಳಿ. ಸಿಂಧನೂರು ಕಡೆಯ ಕ್ಯಾಂಪಿನಲ್ಲಿದ್ದಳು. ಇಂಥ ನಿರಾಶ್ರಿತರನ್ನು ಊರುಗಳಲ್ಲಿ ನೆಲೆ ನಿಲ್ಲಿಸಲು ಸರಕಾರ ಸಂಘ-ಸಂಸ್ಥೆಗಳಿಗೆ ಅನುದಾನ ಕೊಟ್ಟಿತು. ಮನೆ ಕಟ್ಟಿಸಲು, ಕೆಲಸ ಕೊಡಿಸಲು, ಕನ್ನಡ ಕಲಿಸಲು… ಎಲ್ಲಕ್ಕೂ! ನಮ್ಮ ಕಡೆ ಆ ಅನುದಾನ ತಂದವನು 'ನೆರಳು' ಸಂಸ್ಥೆಯ ವಿಶ್ವರಾಧ್ಯ. ರಾಮಸಮುದ್ರದ ಹೊರಗೆ ಮನೆ ಕಟ್ಟಿಸಿದ. ಮಾಲತಿಯನ್ನೂ ಉಳಿದ ನಿರಾಶ್ರಿತರನ್ನೂ ತಂದು ಫೋಟೊ ತೆಗೆಸಿದ. ಮನೆ ಹೆಸರಿಗೆ ಮಾಡಿಸ್ತೀನಿ ಅಂತ ಅವರ ಗುರುತಿನ ಕಾಗದವನ್ನೆಲ್ಲ ಇಸಿದುಕೊಂಡ. ಆಮೇಲೆ ಬಡಿಗೆ ತೋರಿಸಿ ಓಡಿಸಿದ.

ಮೂರು ವರ್ಷದಿಂದ ಮಾಲತಿ ಸುರಪುರದ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅವತ್ತು ಬೆಂಗಳೂರಿನಿಂದ ಇನ್‌ಸ್ಪೆಕ್ಷನ್. ಆ ಮನೆಗಳಲ್ಲಿ ವಿಶ್ವರಾಧ್ಯನ ನೆಂಟರು ನಿರಾಶ್ರಿತರ ವೇಷ ಹಾಕಿ ಕೂತಿದ್ದರು. ಬಂದ ಮೇಡಂ ಸಹಿ ಹಾಕಿದರೆ ಮನೆ ಅವರದು. ಮಾಲತಿಗೆ ಬೀದಿಯೇ ಖಾಯಂ!

ಸುದ್ದಿ ಕೇಳಿದವಳೇ ಹಂಚು, ಹಿಟ್ಟಿನ ಗಂಟು ಎತ್ತಿಕೊಂಡು ನನ್ನ ಬೈಕ್ ಹತ್ತಿದ್ದಳು. "ಮನಿ ಬಿಡಸ್ಕೊಳ್ಳಾಕ ಹೊಂಟೇನಿ, ಒಲಿ ಹಚ್ಚಲಾರ್ದ ಬರಂಗಿಲ್ಲ," ಅಂದಿದ್ದಳು.

ಸೇತುವೆ ದಾಟಿ ನಾವು ರಾಮಸಮುದ್ರ ಮುಟ್ಟಿದಾಗ ಮೇಡಂ ಪೊಲೀಸರ ಜೊತೆ ಅವಳ ಮನೆಯಲ್ಲೇ ನಿಂತಿದ್ದರು. ಒಳಗೆ ಬಂಗಾಳಿ ಹೆಂಗಸರ ಹಾಗೆ ಕೆಂಪಂಚಿನ ಬಿಳಿ ಸೀರೆ, ಬಿಳಿ ಬಳೆ ತೊಟ್ಟ ಹೆಂಗಸು. ತುಟಿ ಹೊಲಿದ ಹಾಗೆ ಕೂತಿದ್ದಳು. ಬಾಯಿ ಬಿಟ್ಟರೆ ಯಾದಗಿರಿ ಮಾತು ಹೊರಬೀಳುತ್ತದಲ್ಲ!

"ಪಾಪ, ಆಕಿಗೆ ಕನ್ನಡ ಬರಂಗಿಲ್ರಿ ಮೇಡಂ," ಅನ್ನುತ್ತಿದ್ದ ವಿಶ್ವರಾಧ್ಯ.

ಮಾಲತಿ ನುಗ್ಗಿದಳು. "ಈ ಮನಿ ನಂದ್ರಿ! ನಾ ಮಾಲತಿ!"

ಅವನು ಚಪ್ಪಾಳೆ ತಟ್ಟಿ ನಕ್ಕ. "ಕೇಳಿದ್ರೇನ್ರಿ? ಪಕ್ಕಾ ಸುರಪುರದ ಮಾತು! ಕೈ ನೋಡ್ರಿ, ಜ್ವಾಳದ ಹಿಟ್ಟು! ಇಕಿ ಯಾವ ಸೀಮಿ ಬಂಗಾಳಿ?"

ಮೇಡಂ ಹುಬ್ಬು ಗಂಟಿಕ್ಕಿದರು. "ನಿರಾಶ್ರಿತೆ ಅಂತೀರಿ… ಇಲ್ಲಿಯವರ ಹಾಗೇ ಮಾತಾಡ್ತೀರಲ್ಲ?"

"ಇಲ್ಲೇ ನೆಲಸ್ಲಿ ಅಂತ ಸರಕಾರ ರೊಕ್ಕ ಕೊಟ್ಟದಂತಲ್ರಿ… ನೆಲಸೇನಿ! ಅದೂ ತಪ್ಪೇನ್ರಿ?"

ಭೇಷ್ ಅನ್ನಬೇಕು ಅನಿಸಿತು. ಆದರೆ ಮೇಡಂ ಪೆನ್ನು ತೆಗೆದಿದ್ದರು.

"ಮೇಡಂ, ಊಟದ ಹೊತ್ತಾಗ್ಯಾದ. ಇಕಿ ಕೈಯಾಗಿನ ಒಂದು ರೊಟ್ಟಿ ತಿಂದು ಸಹಿ ಹಾಕ್ರಿ," ಅಂದೆ.

"ಬಡೀಲಿ, ಬಡೀಲಿ!" ಅಂದ ವಿಶ್ವರಾಧ್ಯ. "ಸುರಪುರದಾಕಿ ಅಂತ ತಾನೇ ತೋರಸ್ತಾಳ!"

ಮಾಲತಿ ಒಲೆ ಹಚ್ಚಿದಳು. ನಾನು ಅವಳ ಕಿವಿಯಲ್ಲಿ ಒಂದೇ ಮಾತು ಹೇಳಿದೆ.

"ನೀರ ಸವರಬ್ಯಾಡ."

ನನಗೆ ತಲೆ ಕೆಟ್ಟಿದೆಯೇನೋ ಅನ್ನುವ ಹಾಗೆ ನೋಡಿದಳು.

ಟಪ್ ಟಪ್ ಟಪ್… ರೊಟ್ಟಿ ಹಂಚಿಗೆ ಬಿತ್ತು. ಬಿದ್ದ ಕೂಡಲೇ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ಇಲ್ಲದಿದ್ದರೆ ಒಣಗಿ ಬಿರಿಯುತ್ತದೆ. ನಮ್ಮ ಕಡೆ ಅದನ್ನು ನೋಡುತ್ತ ಸುಮ್ಮನೆ ಕೂರುವ ಹೆಂಗಸು ಇನ್ನೂ ಹುಟ್ಟಿಲ್ಲ. ಮಾಲತಿ ಕೈಕಟ್ಟಿ ಕೂತಳು.

ಹಿಟ್ಟು ಬೆಳ್ಳಗಾಯಿತು. ಬಿಳಿ ಬಳೆಯವಳು ಕತ್ತು ಚಾಚಿದಳು.

ಅಂಚು ಬಿರಿಯಿತು. ಅವಳು ಸೆರಗು ಹಿಂಡತೊಡಗಿದಳು.

ನಡುವೆ ಒಂದು ಸೀಳು…

"ಅಯ್ಯ ನಮ್ಮವ್ವಾ! ನೀರ ಸವರು! ರೊಟ್ಟಿ ಹಾಳಾಗಾಕತ್ತದ!"

ಹಾರಿ ಬಂದಳು. ಬಟ್ಟೆ ಅದ್ದಿ ಸವರಿಯೇ ಬಿಟ್ಟಳು! ಆಮೇಲೆ ಸುತ್ತ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಮೂರು ವರ್ಷ ಬರಲಾರದ ಕನ್ನಡ ಒಂದು ರೊಟ್ಟಿಗೆ ಬಂತಲ್ರಿ ಮೇಡಂ!" ಅಂದೆ.

"ನಿಮ್ಮ ಹೆಸರೇನಮ್ಮ?" ಮೇಡಂ ತಣ್ಣಗೆ ಕೇಳಿದರು.

"ನಾಗರತ್ನಾರಿ… ಇವ್ರು ನಮ್ಮ ಸ್ವಾದರಮಾವಾರ್ರಿ…" ಅವಳು ಅಳತೊಡಗಿದಳು. "ಅವ್ರ ಕಾಗದ ಎಲ್ಲಾ ಮಾವನ ಬೀರೂದಾಗ ಅವರಿ. ನಂದೇನೂ ತಪ್ಪಿಲ್ರಿ!"

ಮೇಡಂ ಪೆನ್ನಿನ ಟೋಪಿ ಮುಚ್ಚಿದರು. ಜೊತೆಗೆ ಬಂದಿದ್ದ ಪೊಲೀಸರಿಗೆ ತಲೆ ಆಡಿಸಿದರು. ಅಷ್ಟೊತ್ತಿಗೆ ನಮ್ಮನ್ನು ತಡೆಯಲು ವಿಶ್ವರಾಧ್ಯ ಕಳಿಸಿದ್ದ ಬಿಳಿ ಜೀಪು ಏದುಸಿರು ಬಿಡುತ್ತ ಬಂದು ನಿಂತಿತು. ಒಳ್ಳೆಯದೇ ಆಯಿತು… ಅದರಲ್ಲೇ ವಿಶ್ವರಾಧ್ಯನನ್ನು ಹತ್ತಿಸಿ ಠಾಣೆಗೆ ಹೊರಡಿಸಿದರು.

"ಪಂಚಶೀಲಾ! ನಿನ್ನ ಊರ ಬಿಡಸ್ತೀನಿ!" ಜೀಪಿನೊಳಗಿಂದ ಕೂಗಿದ.

ಬಿರಿದ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡೆ. ನಡುವೆ ಸ್ವಲ್ಪ ಹಸಿಯಿತ್ತು.

"ಬಿಡಸಪಾ… ಊರ ಬಿಟ್ಟವರಿಗೆ ಸರಕಾರ ಮನಿ ಕೊಡ್ತದ. ಈ ಸಲ ಕಟ್ಟಸಾಂವ ನೀ ಇರಂಗಿಲ್ಲ, ಅಷ್ಟ!"