ಒಳಗಷ್ಟೇ ತೊಳೆದ ಗ್ಲಾಸು

ಪೆಸ್ತನ್‌ಜಿ ಒಂದು ಗುಟುಕು ಬಾಯಿಗೆ ಹಾಕಿಕೊಂಡರು. ಮುಖ ಸಿಂಡರಿಸಿ ಬೋಗುಣಿಗೆ ಉಗುಳಿದರು.

"ಇದು ಶಿರಾಜ್ ಅಲ್ಲ," ಎಂದರು ಉರ್ದುವಿನಲ್ಲಿ. "ನೇರಳೆ ಹಣ್ಣಿನ ಶರಬತ್ತು."

ಉದಗೀರ ಕೋಟೆಯ ಮಗ್ಗುಲಿನ ಹವೇಲಿ. ಇಸವಿ ೧೯೫೨. ಜಾಗೀರು ಹೋಗಿತ್ತು, ಜಾಗೀರದಾರರೂ ತೀರಿಹೋಗಿದ್ದರು. ಅವರು ದೇಶದೇಶಗಳಿಂದ ತರಿಸಿ ಕೂಡಿಟ್ಟ ದ್ರಾಕ್ಷಾರಸದ ಸೀಸೆಗಳನ್ನು ಬೇಗಂ ಸಾಹೇಬರು ಮಾರಲು ಹೊರಟಿದ್ದರು. ರುಚಿ ನೋಡಿ ಆರಿಸಲು ಹೈದರಾಬಾದಿನ ಹೋಟೆಲೊಂದು ಪೆಸ್ತನ್‌ಜಿಯವರನ್ನು ಕಳಿಸಿತ್ತು. ಗುರುವಾರ ಅವರು ಫ್ರಾನ್ಸ್, ಪೋರ್ಚುಗಲ್, ಇರಾನ್, ಈ ಮೂರೂ ಕಡೆಯ ಒಂದೊಂದು ಸೀಸೆ ತೆಗೆದು ನೋಡಿದ್ದರು. ಇರಾನಿನ ಶಿರಾಜ್ ಎಲ್ಲಕ್ಕೂ ಮೇಲು ಎಂದಿದ್ದರು. ಇವತ್ತು, ಶನಿವಾರ, ಇನ್ನೊಂದು ಶಿರಾಜನ್ನು ಬೆಳಕಿಗೆ ಹಿಡಿದಾಗ ಬಣ್ಣದ ಮೇಲೆ ಅನುಮಾನ ಬಂತು. ಎಲ್ಲ ಶಿರಾಜ್ ಸೀಸೆಗಳನ್ನೂ ತೆರೆಸಿದರು. ಎಲ್ಲದರಲ್ಲೂ ಶರಬತ್ತು. ಬಾಯಿಗೆ ಹೊಸ ಅರಗಿನ ಮೊಹರು.

ಸೀಸೆಗಳ ಕೋಣೆಯ ಕೀಲಿ ಇದ್ದದ್ದು ಹವೇಲಿಯ ಅಡುಗೆ, ಉಗ್ರಾಣ ನೋಡಿಕೊಳ್ಳುವ ಮುದಿ ಖಾನಸಾಮ ಬಂದೇಅಲಿಯವರ ಸೊಂಟದಲ್ಲಿ.

"ಬ್ಯಾರೆ ಯಾರಿಗರೆ ಕೀಲಿ ಕೊಟ್ಟಿದ್ದೇನು ಚಾಚಾ?" ಅಮೀನ ವೈಜಿನಾಥ ಕೇಳಿದರು. ಪೈಠಣದ ಕಡೆಯಿಂದ ವರ್ಗವಾಗಿ ಬಂದ ಪೊಲೀಸ್ ಅಧಿಕಾರಿ. ಕನ್ನಡ ಇಲ್ಲೇ ಕಲಿತವರು.

ಬಂದೇಅಲಿ ನೆಲ ನೋಡಿದರು. "ಇಲ್ರಿ."

"ಹಂಗಾರ ನಡಿ."

ಪೊಲೀಸ್ ಜವಾನ ಬೇಡಿ ತಂದ. ಹಾಕುವ ಮುಂಚೆ ಮುದುಕರ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದ, ಕಬ್ಬಿಣ ಒತ್ತದಿರಲೆಂದು. ಪಕ್ಕದ ಮನೆಯ ಅನುಸೂಯಾಬಾಯಿ ಅದನ್ನು ಬಾಗಿಲಲ್ಲೇ ನಿಂತು ನೋಡಿದರು. ಹೈದರಾಬಾದಿನಲ್ಲಿ ಕಾಲೇಜು ಓದಿದ ಹಿರಿಯ ಹೆಂಗಸು. ಬೇಗಂ ಅವರ ಗೆಳತಿ.

"ಅಮೀನ ಸಾಹೇಬ್ರ, ಈ ವಯಸ್ಸಿನಾಗ ಜೇಲಿಗೆ ಹೋದ್ರ ಚಾಚಾ ತಿರುಗಿ ಬರೂದಿಲ್ಲ. ಆ ಕೋಲಿ ನಾ ಒಮ್ಮೆ ನೋಡ್ಲೇನು?"

"ನೋಡ್ರಿ ಬಾಯಾರ. ಸೀಸೆ ಮಾತಾಡಿದ್ರ ನನಗೂ ಹೇಳ್ರಿ."

* * *

ಕೋಣೆಗೆ ಕಿಟಕಿಯಿಲ್ಲ, ಮೋರಿಯಿಲ್ಲ. ನೆಲದ ತುಂಬ ಸೀಸೆ ಸುತ್ತುವ ಒಣಹುಲ್ಲು. ಬಾಯಿ ಮುಕ್ಕಳಿಸಲು ಒಂದು ಹೂಜಿ ನೀರು.

"ಈ ಪಾರ್ಸಿ ಮ್ಯಾಲೂ ನನಗ ಸಂಶಯ ಅದ," ವೈಜಿನಾಥ ಪಿಸುಗುಟ್ಟಿದರು. "ಶರಬತ್ತು ಅಂದ್ರ ಕಿಮ್ಮತ್ತು ಇಳಿತದ."

ಅನುಸೂಯಾಬಾಯಿ ಸೀಸೆ ಮೂಸಿ ನೋಡಿದರು. "ಖರೆನ ನೇರಳಿಹಣ್ಣು. ಅವರು ಸುಳ್ಳು ಹೇಳಿಲ್ಲ."

ಮೇಜಿನ ಮೇಲೆ ನಾಲ್ಕು ಗ್ಲಾಸು. ಮೂರರ ತಳದಲ್ಲಿ ಕೆಂಪು ಕಲೆ ಒಣಗಿತ್ತು. ಅವು ಗುರುವಾರ ತಾವು ಬಳಸಿದವು, ಇವತ್ತಿನದು ಕೈಯಲ್ಲೇ ಇದೆ ಎಂದರು ಪೆಸ್ತನ್‌ಜಿ. ನಾಲ್ಕನೆಯದನ್ನು ತಾವು ಮುಟ್ಟಿಲ್ಲ.

ಅದರ ಒಳಗೆಲ್ಲ ಫಳಫಳ. ಹೊರಮೈಯಲ್ಲಿ ಮಾತ್ರ ಅಂಚಿನಿಂದ ಬುಡದವರೆಗೆ ಒಂದು ಕೆಂಪು ಗೆರೆ ಒಣಗಿತ್ತು.

"ಇದನ್ನ ತೊಳದಾಂವ ಒಳಗಷ್ಟೇ ತೊಳದಾನ," ಎಂದರು ಅನುಸೂಯಾಬಾಯಿ. "ತೊಳದ ನೀರು ಎಲ್ಲಿ?"

ವೈಜಿನಾಥ ಬೋಗುಣಿ ನೋಡಿದರು. ಈಗಷ್ಟೇ ಉಗುಳಿದ್ದರ ಅಡಿಯಲ್ಲಿ ಗುರುವಾರದ್ದು ಬಿಲ್ಲೆಯಂತೆ ಒಣಗಿ ಅಂಟಿತ್ತು. ಮೇಲೆ ನೀರು ಬಿದ್ದ ಗುರುತಿಲ್ಲ. ಹುಲ್ಲು ಗರಿಗರಿಯಾಗಿತ್ತು.

"ಹೊರಗ ಚೆಲ್ಲಿರಬೇಕು."

"ಹೊರಗ ಬಾವಿ ಅದ. ಅಲ್ಲಿ ಹೋಗಿದ್ರ ಹೊರಮೈನೂ ತೊಳೀತಿದ್ದ." ಬಾಯಿ ಗ್ಲಾಸನ್ನು ಮೆಲ್ಲಗೆ ಇಟ್ಟರು. ಮುಖ ಚಿಕ್ಕದಾಗಿತ್ತು. "ಎಲ್ಲರನ್ನೂ ನಮ್ಮ ಮನಿಗಿ ಕರಕೊಂಡು ಬರ್ರಿ. ನಿನ್ನೆ ಸೀಸೆ ಸುತ್ಲಾಕ ಹುಲ್ಲು ತಂದ ರೇವಣಸಿದ್ಧ ಸಾಹುಕಾರ್ರನ್ನೂ."

* * *

ರೇವಣಸಿದ್ಧರು ಕಾಳಿನ ವ್ಯಾಪಾರಿ. ಹಣೆ ತುಂಬ ವಿಭೂತಿ. ಈ ಮಾರಾಟ ಕುದುರಿಸಿದವರು, ಬಂಡಿ ಗೊತ್ತು ಮಾಡಿದವರು ಅವರೇ.

ಅನುಸೂಯಾಬಾಯಿ ಎಲ್ಲರಿಗೂ ಲೋಟದಲ್ಲಿ ಬೆಲ್ಲದ ಪಾನಕ ಕೊಟ್ಟರು.

"ನಿನ್ನೆ ಆ ಕೋಲಿಯೊಳಗ ಹೋಗಿದ್ರೇನ್ರಿ ಸಾಹುಕಾರ್ರ?"

"ಶಿವಾ ಶಿವಾ. ಹುಲ್ಲು ಕಟ್ಟಿಮ್ಯಾಲೆ ಇಳಿಸಿ ಬಂದೀನಿ. ಆ ಹೆಂಡದ ನಾತ ಬರೋ ಹೊಸ್ತಿಲು ನಾ ದಾಟ್ತೀನೇನ್ರಿ?"

ಪಾನಕ ಮುಗಿಯಿತು. ಅಮೀನರ ಲೋಟದ ತಳದಲ್ಲಿ ಏಲಕ್ಕಿಪುಡಿ ಉಳಿಯಿತು. ಪೆಸ್ತನ್‌ಜಿಯವರದರಲ್ಲೂ ಉಳಿಯಿತು. ರೇವಣಸಿದ್ಧರು ಮಾತಾಡುತ್ತಲೇ ತಂಬಿಗೆಯಿಂದ ಲೋಟಕ್ಕೆ ನೀರು ಹಾಕಿದರು. ಗಿರ್ರನೆ ತಿರುಗಿಸಿದರು. ಆ ನೀರನ್ನೂ ಕುಡಿದು ಲೋಟ ಕೆಳಗಿಟ್ಟರು.

"ನೋಡಿದ್ರೇನು ಅಮೀನ ಸಾಹೇಬ್ರ?" ಬಾಯಿ ಹೇಳಿದರು. "ನಮ್ಮ ಲಿಂಗವಂತರ ಮನ್ಯಾಗ ಉಂಡ ತಾಟು ತೊಳದ ನೀರೂ ಪ್ರಸಾದ. ಚೆಲ್ಲೂದಿಲ್ಲ, ಕುಡಿತೀವಿ. ತಾಯಂದ್ರು ಕಲಿಸಿದ್ದು. ಆ ಗ್ಲಾಸಿನ ನೀರು ಹೋಗಿದ್ದೂ ಹೊಟ್ಟಿಗೇ."

"ಊರಾಗ ನಿಮ್ಮ ಮಂದಿ ಬೇಕಾದಷ್ಟು ಇದ್ದಾರಲ್ಲ?"

"ಇದ್ದಾರ. ನಿನ್ನೆ ಹವೇಲಿಗಿ ಬಂದವರು ಇವರೊಬ್ಬರೇ, ನಮ್ಮ ಬಾಗಿಲಾಗಿಂದ ನಾನೇ ನೋಡೀನಿ. ಚಾಚಾ ಶುಕ್ರವಾರದ ನಮಾಜಿಗಿ ಹೋಗೂ ಮುಂದ ಕೀಲಿ ಯಾರ ಕೈಯಾಗ ಕೊಟ್ಟಿರಬೇಕು? ಹುಲ್ಲು ಒಳಗ ಹಾಸಿದ್ದು ನಾವು ನೋಡೀವಿ. ಇವರು ಕಟ್ಟಿಮ್ಯಾಲೆ ಅಂತಾರ."

ವೈಜಿನಾಥ ಎದ್ದರು. "ಅಂಗಡಿ ಹುಡುಕ್ತೀನಿ."

"ಬ್ಯಾಡ್ರಿ," ರೇವಣಸಿದ್ಧರ ದನಿ ಇಳಿಯಿತು. "ಬೆಲ್ಲದ ಕೋಲ್ಯಾಗ ಮಣ್ಣಿನ ಕೊಡದಾಗ ಅದ. ಮಂದಿ ಮುಂದ ಹುಡುಕಬ್ಯಾಡ್ರಿ."

"ಮಾರ್ಲಾಕೇನು?"

"ಕುಡಿಲಾಕ." ಅವರು ಪೆಸ್ತನ್‌ಜಿಯವರತ್ತ ನೋಡಿದರು. "ಗುರುವಾರ ಬಾಗಿಲಾಗ ನಿಂತು ನೋಡಿದೆ. ಇವರು ಬೆಳಕಿಗಿ ಹಿಡದು, ಮೂಸಿ, ಪೂಜಿಗಿ ಕೂತಂಗ ಕಣ್ಣು ಮುಚ್ಚಿದ್ರು. ಹಂಥಾದ್ದೇನದ ಅಂತ ನಿನ್ನೆ ನಾನೂ ನೋಡಿದೆ. ಫ್ರಾನ್ಸಿಂದು ಬರೇ ಒಗರು. ಪೋರ್ಚುಗಲದ್ದು ಕಾಕಂಬಿ ಹಂಗ ಸಿಹಿ. ಶಿರಾಜ್ ಮಾತ್ರ ನುಂಗಿದ ಮ್ಯಾಲೂ ನಾಲಿಗಿ ಬಿಡಲಿಲ್ಲ. ಅದು ಬಂಡಿ ಏರಿ ಹೋಗ್ತದ ಅಂದ್ರ ತಡಕೋಲಾಕ ಆಗಲಿಲ್ಲ. ನಮಾಜು ಮುಗಿಯೂದ್ರೊಳಗ ಅಂಗಡಿಯಿಂದ ಕೊಡ, ಅರಗು, ಶರಬತ್ತು ತಂದೆ."

"ಶರಬತ್ತು ಗೊತ್ತಾಗೂದಿಲ್ಲ ಅಂದುಕೊಂಡ್ರೇನು?"

"ಹೋಟೆಲಿನಾಗ ಕುಡ್ಯಾವರಿಗಿ ಗೊತ್ತಾಗ್ತದೇನ್ರಿ? ಇವರು ಇನ್ನೊಂದು ಸೀಸೆ ತೆಗೀತಾರಂತ ನಾ ಅಂದುಕೊಂಡಿದ್ದಿಲ್ಲ."

ಪೆಸ್ತನ್‌ಜಿಯವರ ಮುಖದಲ್ಲಿ ಸಿಟ್ಟಿರಲಿಲ್ಲ.

"ನಿಮ್ಮ ನಾಲಿಗಿ ಸಲುವಾಗಿ ಒಬ್ಬ ಮುದುಕ ಜೇಲಿಗಿ ಹೊಂಟಿದ್ದ," ಎಂದರು ಅನುಸೂಯಾಬಾಯಿ.

ರೇವಣಸಿದ್ಧರು ಖಾಲಿ ಲೋಟ ದೂರ ಸರಿಸಿದರು.

ಜವಾನ ಬಂದೇಅಲಿಯವರನ್ನು ಒಳಗೆ ಕರೆತಂದು ಬೇಡಿ ಬಿಚ್ಚಿದ.

"ಕೀಲಿ ಕೊಟ್ಟಿದ್ದು ಯಾಕ ಹೇಳಲಿಲ್ಲ ಚಾಚಾ?" ವೈಜಿನಾಥರಿಗೆ ಸಿಟ್ಟು ಬಂದಿತ್ತು. "ಎದುರಿಗೇ ಕೇಳಿದೆ. ಇಲ್ಲ ಅಂದಿ."

ಬಂದೇಅಲಿ ಮಣಿಕಟ್ಟು ಸವರಿಕೊಂಡರು.

"ನಾಕು ವರ್ಷದ ಹಿಂದ ಪೊಲೀಸ್ ಆಕ್ಷನ್ ಗದ್ದಲದಾಗ ನನ್ನ ಮಕ್ಕಳನ್ನ ಈ ಸಾಹುಕಾರ್ರು ಕಾಳು ತುಂಬೂ ಖಾಲಿ ಹಗೇವಿನಾಗ ಇಳಿಸಿ, ಮ್ಯಾಲೆ ಜ್ವಾಳದ ಚೀಲ ಹೊಂದಿಸಿದ್ರು. ಕತ್ತಿ ಹಿಡಕೊಂಡು ಬಂದವರು ಇವರಿಗೂ ಹಿಂಗೇ ಎದುರಿಗೇ ಕೇಳಿದ್ರು, ಸಾಹೇಬ್. ಇಲ್ಲ ಅಂದ್ರು."

ರೇವಣಸಿದ್ಧರು ಎದ್ದು, ಅಮೀನರು ಹೇಳುವ ಮೊದಲೇ, ಎರಡೂ ಕೈ ಜವಾನನ ಮುಂದೆ ಚಾಚಿದರು.