ಟ್ರಕ್ ಬೇಡ, ನೀನು ಬಾ

"ನಿಲ್ಸಿ! ನಿಲ್ಸಿ ಅಂದ್ನಲ್ಲಾ!"

ಕೊರಿನ್ ಕಿರುಚುವಷ್ಟರಲ್ಲಿ ಚಕ್ರದ ಮೇಲಿನ ಅವಳ ಟ್ರೈಲರ್ ಮನೆಯ ಹಿಂಭಾಗ ಶಿಬಿರದ ಊಟದ ಮೇಜಿಗೆ ಗುದ್ದಿಯಾಗಿತ್ತು. ಅದನ್ನು ಎಳೆತಂದ ಬಾಡಿಗೆ ಟ್ರಕ್ಕಿನ ಕಿಟಕಿಯಿಂದ ರೂಬೆನ್ ಬಾಕಾ ತಲೆ ಹೊರಹಾಕಿದ.

"ಮೇಜು ಬದುಕಿದೆಯಾ ಮೇಡಂ?"

"ಮೇಜಿನ ಕಥೆ ಬಿಡಿ, ನನ್ನ ಮನೆ ನೋಡ್ರೀ!"

ಅದು ಅವರ ಮೊದಲ ಭೇಟಿ.

ಕೊರಿನ್ ವರ್ಷವಿಡೀ ಆ ಟ್ರೈಲರ್‌ನಲ್ಲೇ ಇರುತ್ತಿದ್ದಳು. ಎಳೆಯಲು ಸ್ವಂತ ಟ್ರಕ್ ಮಾತ್ರ ಇರಲಿಲ್ಲ. ನ್ಯೂ ಮೆಕ್ಸಿಕೊದ ಸರ್ಕಾರಿ ಉದ್ಯಾನಗಳ ಶಿಬಿರತಾಣಗಳಲ್ಲಿ ಒಂದೆಡೆ ಎರಡು ವಾರಕ್ಕಿಂತ ಹೆಚ್ಚು ತಂಗುವಂತಿಲ್ಲ. ಆಮೇಲೆ ಬಾಡಿಗೆ ಟ್ರಕ್ಕಿನವರು ಬಂದು ಮನೆಯನ್ನು ಇನ್ನೊಂದು ಉದ್ಯಾನಕ್ಕೆ ಎಳೆದೊಯ್ಯಬೇಕು.

"ಬಾಡಿಗೆ ಕೊಟ್ರೆ ಆಯ್ತು. ನಂಗೆ ಯಾರ ಹಂಗೂ ಬೇಡ, ಯಾರಿಗೂ ಕಾಯೋದೂ ಬೇಡ," ಎನ್ನುತ್ತಿದ್ದಳು.

ಮುಂದೆ ಪ್ರತಿ ಸಲವೂ ರೂಬೆನ್ನೇ ಬಂದ. ಪ್ರತಿ ಸಲವೂ ಟ್ರೈಲರನ್ನು ಹಿಮ್ಮುಖವಾಗಿ ನಿಲ್ಲಿಸಲು ಒದ್ದಾಡಿದ. ಹಿಂದೆ ನಿಂತು ದಾರಿ ತೋರಿಸಲು ಕೈಬೀಸಿ ಬೀಸಿ ಕೊರಿನ್‌ಗೆ ಮೊದಮೊದಲು ಸಿಟ್ಟು, ಆಮೇಲೆ ನಗು. ಅವನು ಹೊರಟ ಮೇಲೆ ಮಾತ್ರ...

'ಅಯ್ಯೋ, ಈ ಜಾಗ ಇಷ್ಟು ಖಾಲಿ ಅನ್ನಿಸ್ತಿದೆ ಯಾಕೆ?'

ಒಂದು ಬೆಳಿಗ್ಗೆ ಅವಳ ಕಣ್ಣೆದುರೇ ರೂಬೆನ್ ಪಕ್ಕದ ಓಪಲ್ ಅಜ್ಜಿಯ ಟ್ರೈಲರ್ ನಿಲ್ಲಿಸಿದ. ಅದು ಕೊರಿನ್‌ಳದಕ್ಕಿಂತ ಎರಡು ಪಟ್ಟು ಉದ್ದದ್ದು. ಒಂದೇ ಸಲಕ್ಕೆ! ದಾರಿ ತೋರಿಸಲೂ ಯಾರೂ ಇರಲಿಲ್ಲ.

"ಈ ಸೀಮೇಲೇ ಇವನಷ್ಟು ಚೆನ್ನಾಗಿ ರಿವರ್ಸ್ ತಗೊಳ್ಳೋರಿಲ್ಲ ಕಣೇ!" ಎಂದಳು ಅಜ್ಜಿ.

ಕೊರಿನ್‌ಗೆ ಮೈಯೆಲ್ಲ ಉರಿಯಿತು. 'ಹಾಗಾದ್ರೆ ನನ್ನನ್ನು ಕುಣಿಸಿ ಮಜಾ ನೋಡ್ತಿದ್ನಾ?' ಆಗಲೇ ಇನ್ನೊಬ್ಬ ಟ್ರಕ್ಕಿನವನಿಗೆ ಫೋನ್ ಮಾಡಿ, ಮರುದಿನ ಮನೆ ಎಳೆದೊಯ್ಯಲು ಒಪ್ಪಿಸಿದಳು. ನೇರ ರೂಬೆನ್ ಬಳಿ ಹೋದಳು.

"ಇನ್ಮೇಲೆ ನೀವು ಬರ್ಬೇಡಿ. ಬೇರೆಯವರಿಗೆ ಹೇಳಿದ್ದೀನಿ."

"ಯಾಕೆ?"

"ಅಜ್ಜಿದು ಒಂದೇ ಸಲಕ್ಕೆ, ನಂದು ಮಾತ್ರ ನಾಲ್ಕು ಸಲ! ನಾನೇನು ನಿಮಗೆ ಸರ್ಕಸ್ಸಾ?"

ರೂಬೆನ್ ಟೋಪಿ ತೆಗೆದ.

"ಮೊದಲನೇ ಸಲ ನಿಜವಾಗ್ಲೂ ತಪ್ಪಿತು. ಕನ್ನಡೀಲಿ ಟ್ರೈಲರ್ ನೋಡೋ ಬದಲು ನಿಮ್ಮನ್ನ ನೋಡ್ಬಿಟ್ಟೆ."

"ಆಮೇಲೆ?"

"ಆಮೇಲೆ... ಒಂದೇ ಸಲಕ್ಕೆ ನಿಲ್ಸಿದ್ರೆ ಹೊರಟುಹೋಗ್ಬೇಕಲ್ಲ!"

ಬರುತ್ತಿದ್ದ ನಗುವನ್ನು ಕೊರಿನ್ ತಡೆದುಕೊಂಡಳು.

"ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?"

"ನಿಮ್ಮ ಮನೆ ಕದಲ್ಬೇಕಾದ್ರೆ ನನ್ನ ಟ್ರಕ್ ಬೇಕಿತ್ತು. ಆ ಮುಲಾಜಿಗೆ ನೀವು ಹೂಂ ಅಂದ್ಬಿಟ್ರೆ? ಅಂಥ ಹೂಂ ನಂಗೆ ಬೇಡ, ಕೊರಿನ್."

ಇಷ್ಟು ದಿನ ತಾನು ಕಾಪಾಡಿಕೊಂಡ ಸ್ವಾತಂತ್ರ್ಯವನ್ನು ಇವನೂ ಕಾಪಾಡುತ್ತಿದ್ದನೇ?

"ನಾಳೆ ಇನ್ನೊಬ್ಬ ಬರ್ತಾನೆ. ಬೇಡ ಅನ್ನಲ್ಲ," ಎಂದಳು.

ಅವನ ಮುಖ ಬಾಡಿತು. "ಸರಿ."

"ನಂಗೀಗ ನಿಮ್ಮ ಟ್ರಕ್ ಬೇಕಾಗಿಲ್ಲ."

"ಗೊತ್ತಾಯ್ತು ಬಿಡಿ..."

"ಏನೂ ಗೊತ್ತಾಗಿಲ್ಲ! ಟ್ರಕ್ ಬೇಡ. ನೀನು ಬಾ. ನಾಳೆ ಸಂಜೆ, ಹೊಸ ಜಾಗಕ್ಕೆ, ಊಟಕ್ಕೆ."

'ನೀನು' ಎಂಬುದು ಅವನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು.

"ಟ್ರಕ್ ಇಲ್ದೆ ಅಷ್ಟು ದೂರ? ನಡೆದು ಬಂದ್ರೆ ರಾತ್ರಿ ಆಗುತ್ತೆ!"

"ಆಗ್ಲಿ," ಎಂದಳು ಕೊರಿನ್. "ಕಾಯ್ತೀನಿ."